ವಾರಕ್ಕೊಂದೇ ಕಂತು

ಗಂಗಾವತಿಯ ಆ ಮನೆಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ, ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಬಂದ ನೆಂಟರೂ ಸುಮ್ಮನೆ ಕೂರಬೇಕಿತ್ತು. ಮಂಡಕ್ಕಿ ಒಗ್ಗರಣಿ, ಮಿರ್ಚಿಯ ತಟ್ಟೆ ನಡುವೆ ಇಟ್ಟುಕೊಂಡು ತಂದೆ ಮಗಳು ಟಿ.ವಿ. ಮುಂದೆ ಕುಳಿತರೆಂದರೆ ಮುಗಿಯಿತು. ತಂದೆ ಕೊಪ್ಪಳದ ಕಚೇರಿಯೊಂದರಲ್ಲಿ ಗುಮಾಸ್ತ; ಮಗಳು ಎಸ್ಸೆಸ್ಸೆಲ್ಸಿ. ನೋಡುತ್ತಿದ್ದದ್ದು ‘ಸ್ಟಾರ್ ಟ್ರೆಕ್’. ಅಮೆರಿಕದಲ್ಲಿ 1966ರ ಸೆಪ್ಟೆಂಬರ್ 8ರಂದು ಶುರುವಾಗಿ 1969ರಲ್ಲಿ ನಿಂತುಹೋದ, ಒಟ್ಟು 79 ಕಂತುಗಳ ಧಾರಾವಾಹಿ. ಡಿವಿಡಿಗಳ ಪೆಟ್ಟಿಗೆ ಕಪಾಟಿನಲ್ಲೇ ಇದ್ದರೂ ಕರಾರು ಒಂದೇ: ವಾರಕ್ಕೊಂದು ಕಂತು. ಎರಡನೆಯದಕ್ಕೆ ಎಷ್ಟು ಗೋಗರೆದರೂ ಇಲ್ಲ.

ತಾಯಿಗೆ ಇದು ಸರಿಬರಲಿಲ್ಲ. “ಹತ್ತನೇತ್ತ ಓದೋ ಹುಡುಗೀನ ಕೂಡಿಸ್ಕೊಂಡು ಇದೇನ್ರೀ ನಿಮ್ಮ ಹುಡುಗಾಟ? ಕುಷ್ಟಗಿ ಅತ್ತಿಗಿ ಮನ್ಯಾಗ ಟಿ.ವಿ. ವಯರ್ ಕಿತ್ತಿಟ್ಟಾರ” ಎಂದು ಒಳಗಿನಿಂದಲೇ ಕೂಗುತ್ತಿದ್ದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ತಂದೆಗೆ ಅದು ಕಾಲಹರಣವಾಗಿರಲಿಲ್ಲ. ಹಳೆಯದೊಂದು ಲೆಕ್ಕ ಬಾಕಿಯಿತ್ತು.

1980ರ ದಶಕದಲ್ಲಿ ದೂರದರ್ಶನ ಈ ಧಾರಾವಾಹಿಯನ್ನು ಭಾನುವಾರ ಬೆಳಿಗ್ಗೆ ತೋರಿಸುತ್ತಿತ್ತು. ಓಣಿಗೆಲ್ಲ ಒಂದೇ ಟಿ.ವಿ. ಮಾಳಿಗೆ ಮೇಲೆ ಒಬ್ಬ ಆಂಟೆನಾ ತಿರುವುತ್ತ “ಬಂತೇನ್ರಲೇ?” ಎಂದರೆ ಕೆಳಗಿನ ಇಪ್ಪತ್ತು ಹುಡುಗರು “ಬಂತು, ಬಂತು... ಹೋತು!” ಎನ್ನುವರು. ಬಂದಾಗಲೂ ಒಬ್ಬರಿಗಾದರೂ ಇಂಗ್ಲಿಷ್ ತಿಳಿಯಬೇಕಲ್ಲ! ಕಪ್ಪು ಬಿಳುಪಿನಲ್ಲಿ ಕಂಡಷ್ಟನ್ನು ನೋಡಿ, ಸೋಮವಾರ ಶಾಲೆಯಲ್ಲಿ ಜಗಳವಾಡಿ, ಬಹುಮತದಿಂದ ಕಥೆ ಇತ್ಯರ್ಥ ಮಾಡುತ್ತಿದ್ದರು. ಚೂಪು ಕಿವಿಯ ಸ್ಪಾಕ್ ದೊಡ್ಡಾಟದ ರಾಕ್ಷಸನಂತೆ. ಕ್ಯಾಪ್ಟನ್ ಕರ್ಕ್ ಅವನನ್ನು ಯುದ್ಧದಲ್ಲಿ ಗೆದ್ದು ಸೆರೆತಂದವನಂತೆ. ನಿಂತಲ್ಲೇ ಮಿಣಿಮಿಣಿ ಹೊಳೆದು ಮಾಯವಾಗುವುದಕ್ಕಂತೂ ವಿವರಣೆಯೇ ಬೇಕಿರಲಿಲ್ಲ. ಪುರಾಣದಲ್ಲಿ ಎಲ್ಲರೂ ಹಾಗೇ ಹೋಗುತ್ತಾರೆ.

ಈಗ ತೆರೆಯ ಕೆಳಗೆ ಸಂಭಾಷಣೆಯ ಅಕ್ಷರಗಳು ಮೂಡಿದಂತೆಲ್ಲ ಆ ಕಥೆಗಳು ಒಂದೊಂದಾಗಿ ಉದುರಿದವು. ಸ್ಪಾಕ್ ಸೆರೆಯಾಳಲ್ಲ; ಹಡಗಿನಲ್ಲಿ ಕರ್ಕ್‌ನ ನಂತರದ ಅಧಿಕಾರಿ. ತಾಯಿ ಭೂಮಿಯವಳು, ತಂದೆ ವಲ್ಕನ್ ಗ್ರಹದವನು. ಮಗಳು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಆಮೇಲೆ ಹೊಸದೊಂದು ಕರಾರು ತಂದಳು: “ಮೊದಲ ನಿಂದು ಹೇಳಪ್ಪಾ, ಆಮ್ಯಾಲ ಅವರದು ನೋಡೂಣು.” ಹೀಗೆ ಪ್ರತಿ ವಾರ ಎರಡೆರಡು ಕಥೆಗಳಾದವು. ಗುಟ್ಟಾಗಿ ಹೇಳುವುದಾದರೆ, ಕೆಲವು ವಾರ ಓಣಿಯ ಹುಡುಗರ ಕಥೆಯೇ ಮೇಲಾಗಿತ್ತು.

ಇಪ್ಪತ್ತೈದನೆಯ ಕಂತಿನಲ್ಲಿ ಮಾತ್ರ ಹಾಗಾಗಲಿಲ್ಲ. ‘ದಿ ಡೆವಿಲ್ ಇನ್ ದಿ ಡಾರ್ಕ್’, 1967ರ ಮಾರ್ಚ್‌ನದು. ಗಣಿಯೊಳಗೆ ಕಲ್ಲನ್ನೇ ಕೊರೆದು ಓಡಾಡುವ ಪ್ರಾಣಿಯೊಂದು ಕಾರ್ಮಿಕರನ್ನು ಸುಟ್ಟು ಕೊಲ್ಲುತ್ತಿದೆ. “ಕಡೀಕೆ ಅದನ್ನ ಕೊಲ್ತಾರ” ಎಂದು ತಂದೆ ಖಚಿತವಾಗಿ ಹೇಳಿದರು. ಕೊಲ್ಲಲಿಲ್ಲ. ಗಣಿಯವರು ಎಲ್ಲೆಂದರಲ್ಲಿ ಒಡೆದು ಬಿಸಾಡುತ್ತಿದ್ದ ಗುಂಡು ಕಲ್ಲುಗಳು ಅದರ ಮೊಟ್ಟೆಗಳಾಗಿದ್ದವು. ಅದು ತಾಯಿ. ಸ್ಪಾಕ್ ಅದರ ಮೈಮೇಲೆ ಕೈಯಿಟ್ಟು, ಅದರ ನೋವನ್ನು ತನ್ನ ಬಾಯಲ್ಲಿ ಕೂಗುತ್ತಾನೆ. ತಂದೆಗೆ ಆ ಕೂಗು ನೆನಪಿತ್ತು. ರಾಕ್ಷಸ ರಾಕ್ಷಸನನ್ನು ಕರೆಯುತ್ತಿದ್ದಾನೆ ಎಂದು ಮೂವತ್ತೈದು ವರ್ಷಕ್ಕೂ ಮಿಕ್ಕಿ ತಿಳಿದಿದ್ದರು. ಕರ್ಕ್ ಪಾತ್ರದ ವಿಲಿಯಂ ಶಾಟ್ನರ್‌ಗೆ ತಂದೆ ತೀರಿಕೊಂಡ ಸುದ್ದಿ ಬಂದದ್ದು ಇದೇ ಕಂತಿನ ಚಿತ್ರೀಕರಣದ ವೇಳೆ. ಇದನ್ನು ತಂದೆ ಎಲ್ಲೋ ಓದಿದ್ದರು, ಮಗಳಿಗೆ ಹೇಳಲಿಲ್ಲ.

ಮಗಳ ಗಮನ ಬೇರೆ ಕಡೆಗಿತ್ತು. “ಈ ಕಲ್ಲು ನೋಡಪಾ, ರಟ್ಟಿನ್ವು! ನಮ್ಮ ಆನೆಗೊಂದಿಗೆ ಬಂದು ಶೂಟಿಂಗ್ ಮಾಡಿದ್ರ ರೊಕ್ಕರ ಉಳೀತಿತ್ತು” ಎಂದಳು. ಆದರೆ ಮರುವಾರ ಬಸ್ಸಿನಲ್ಲಿ ಕುಷ್ಟಗಿಗೆ ಹೋಗುವಾಗ, ಗ್ರಾನೈಟ್ ಗಣಿಯ ಪಕ್ಕ ರಾಶಿಬಿದ್ದ ಕಲ್ಲುಗಳನ್ನು ಕುತ್ತಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು.

ಇವರಿಬ್ಬರ ಆಟ ನೋಡಿ ಯಲಬುರ್ಗಾದಿಂದ ಬಂದಿದ್ದ ಅಜ್ಜ ಒಮ್ಮೆ ನಕ್ಕರು. ಅವರು ನಿವೃತ್ತ ಮಾಸ್ತರರು. ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದ ಕಾಲ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಅಮೆರಿಕದ ಉಪಗ್ರಹವೊಂದರ ಮೂಲಕ ನೇರವಾಗಿ ಟಿ.ವಿ. ಬಂತು. ‘ಸೈಟ್’ ಎಂದು ಅದರ ಹೆಸರು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಆ ಭಾಗ್ಯ. ಬೆಂಗಳೂರಿನಲ್ಲಿ ಆಗ ದೂರದರ್ಶನವೇ ಇರಲಿಲ್ಲ. ಅಜ್ಜನ ಶಾಲೆಯ ಮೇಲೆ ಹತ್ತಡಿ ಅಗಲದ ಕೋಳಿ ಜಾಲರಿಯ ಬುಟ್ಟಿ ಕೂತಿತು. 36,000 ಕಿಲೋಮೀಟರ್ ಮೇಲಿಂದ ಬೇಸಾಯ, ವಿಜ್ಞಾನದ ಮಾತು ಕನ್ನಡದಲ್ಲೇ ಇಳಿದವು. ಇಂಥ ಎತ್ತರದ ಉಪಗ್ರಹಗಳಿಂದ ಜಗತ್ತಿಗೆಲ್ಲ ಪ್ರಸಾರ ಮಾಡಬಹುದೆಂದು 1945ರಲ್ಲೇ ಬರೆದಿದ್ದವರು, ಮುಂದೆ ವೈಜ್ಞಾನಿಕ ಕಥೆಗಳಿಂದ ಹೆಸರಾದ ಆರ್ಥರ್ ಸಿ. ಕ್ಲಾರ್ಕ್.

“ನೀವು ಕಥಿ ನೋಡಾಕತ್ತೀರಿ, ನಾವು ಅದರಾಗ ಇದ್ವಿ” ಎಂದರು ಅಜ್ಜ. “ಆಮ್ಯಾಲ ಏನಾತಜ್ಜಾ?” “ವರ್ಷ ಮುಗೀತು. ಉಪಗ್ರಹ ಅವರದಲ್ಲವಾ, ಹೊಳ್ಳಿ ಒಯ್ದರು. ಹುಡುಗ್ರು ನಾಲ್ಕು ದಿನ ಬಂದು ಟಿ.ವಿ. ಮುಂದ ಕುಂತು ಹೋದ್ರು.”

ಡಿಸೆಂಬರಿನಲ್ಲಿ ತಾಯಿ ಗೆದ್ದರು. ಪರೀಕ್ಷೆ ಮುಗಿಯುವತನಕ ಪೆಟ್ಟಿಗೆ ಟ್ರಂಕಿಗೆ ಸೇರಿತು. ಏಪ್ರಿಲ್‌ನಲ್ಲಿ ಮತ್ತೆ ಹೊರಬಂದಾಗ ತಂದೆಯೇ ಕರಾರು ಮುರಿಯಲು ಹೊರಟರು. ಜೂನಿನಲ್ಲಿ ಮಗಳು ಪಿಯುಸಿಗೆ ಧಾರವಾಡದ ಹಾಸ್ಟೆಲಿಗೆ ಹೋಗುವವಳು. ಲೆಕ್ಕ ಹಾಕಿದರು: ದಿನಕ್ಕೊಂದರಂತೆ ನೋಡಿದರೆ ಎಪ್ಪತ್ತೊಂಬತ್ತೂ ಮುಗಿಯುತ್ತವೆ. ಮಗಳು ಒಪ್ಪಲಿಲ್ಲ. “ವಾರಕ್ಕೊಂದಪ್ಪಾ. ನಡುವ ನಿನ್ನ ಕಥಿ ಕೇಳಾಕ ಟೈಮ್ ಬೇಕಲ್ಲ.”

ಮೂವತ್ತಮೂರು ಮುಗಿದವು. ನಲವತ್ತಾರು ಉಳಿದವು. ಧಾರವಾಡದ ಬಸ್ಸು ಹತ್ತುವಾಗ ಟ್ರಂಕು, ಹಾಸಿಗೆ, ಉಪ್ಪಿನಕಾಯಿ ಭರಣಿ ಎಣಿಸಿಕೊಂಡ ಮಗಳು ಕಿಟಕಿಯಿಂದ ತಲೆ ಹೊರಹಾಕಿ ಹೇಳಿದಳು: “ಮುಂದಿಂದು ನೋಡಬ್ಯಾಡ ಮತ್ತ. ದಸರಾಕ್ಕ ಬರ್ತೀನಿ.”

ಆ ಭಾನುವಾರ ಹತ್ತು ಗಂಟೆಗೆ ಒಗ್ಗರಣಿ ತಟ್ಟೆ ತಂದಿಟ್ಟವರು ತಾಯಿ. ಮಗಳ ಜಾಗದಲ್ಲಿ ತಾವೇ ಕುಳಿತು, ಸೆರಗಿಗೆ ಕೈ ಒರೆಸಿಕೊಂಡು ಕೇಳಿದರು: “ಅದು ಕಲ್ಲಿನ ಪ್ರಾಣಿದಂತಲ್ಲ, ಹಾಕ್ರಿ ನೋಡೂಣು. ಅಕಿ ಮುಂದಿಂದು ಬ್ಯಾಡಂದಾಳ, ಹಿಂದಿಂದಲ್ಲ.”