ಎಷ್ಟು ಹೊತ್ತು, ಯಾರೊಡನೆ, ಏತಕ್ಕೆ?

ಬೇಸಿಗೆಯ ಮಸ್ಕತ್ತಿನಲ್ಲಿ ಸಂಜೆಯವರೆಗೂ ಮಕ್ಕಳು ಅಂಗಳಕ್ಕಿಳಿಯುವಂತಿಲ್ಲ. ಅವರ ಆಟವೆಲ್ಲ ಪರದೆಯ ಮೇಲೆ. ನಮ್ಮ ಕಣ್ಣೆಲ್ಲ ಗಡಿಯಾರದ ಮೇಲೆ.

ಆದರೆ ಗಂಟೆಯೊಂದೇ ಸರಿಯಾದ ಅಳತೆಗೋಲೇ? ಆಕ್ಸ್‌ಫರ್ಡ್ ಸಂಶೋಧಕರು 2022ರಲ್ಲಿ ಸುಮಾರು 39,000 ಆಟಗಾರರ ಆಟದ ಅವಧಿಯನ್ನು ಕಂಪನಿಗಳ ದಾಖಲೆಗಳಿಂದಲೇ ಪಡೆದು ಪರಿಶೀಲಿಸಿದರು. ಆಡಿದ ಅವಧಿಗೂ ಮನಸ್ಸಿನ ನೆಮ್ಮದಿಗೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ಮನಸಾರೆ ಆಡುತ್ತಾರೋ, ಆಡಲೇಬೇಕೆಂಬ ಒತ್ತಡಕ್ಕೆ ಮಣಿದೋ ಎಂಬುದೇ ಹೆಚ್ಚು ಮುಖ್ಯವೆನಿಸಿತು. ಇದು ಮಕ್ಕಳಿಗೆಂದೇ ನಡೆದ ಅಧ್ಯಯನವಲ್ಲ. ಆದರೂ ಪ್ರಶ್ನೆ ನಮ್ಮದೂ ಹೌದು.

ಹಾಗೆಂದು ಅಪಾಯವಿಲ್ಲವೆಂದಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಗೆಂದು ‘ಶಟ್’ ಕ್ಲಿನಿಕ್ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ ‘ಗೇಮಿಂಗ್ ಡಿಸಾರ್ಡರ್’ ಅನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಅಲ್ಲಿಯೂ ಗಂಟೆಗಳ ಮಿತಿಯಿಲ್ಲ: ಹಿಡಿತ ತಪ್ಪುವುದು, ಉಳಿದೆಲ್ಲವೂ ಹಿಂದೆ ಸರಿಯುವುದು, ಹಾನಿಯಾದರೂ ಬಿಡಲಾಗದಿರುವುದು, ಇವೇ ಲಕ್ಷಣಗಳು.

ನಮ್ಮ ಮಗ ಆಡುವುದು ಮೈಸೂರಿನ ಸೋದರತ್ತೆಯ ಮಗನೊಡನೆ. ಆಟದ ನಡುವೆ ಜಗಳ, ನಗು, ಗೆದ್ದ ಕೂಗು ಎಲ್ಲವೂ ಕನ್ನಡದಲ್ಲೇ. ಅದನ್ನು ಕಡಿದರೆ ಅವನ ಕನ್ನಡದ ಒಂದು ಕಿಟಕಿಯನ್ನೇ ಮುಚ್ಚಿದಂತೆ. ಆದರೆ ಇಲ್ಲಿ ರಾತ್ರಿ ಎಂಟಾದಾಗ ಅಲ್ಲಿ ಒಂಬತ್ತೂವರೆ. ಅಲ್ಲಿನ ಹುಡುಗನೂ ಮಲಗಬೇಕು. ಆದ್ದರಿಂದ ಎಂಟಕ್ಕೆ ಆಟ ಮುಗಿಯಬೇಕೆಂದು ಎರಡೂ ಮನೆಯವರು ಕೂಡಿ ನಿಶ್ಚಯಿಸಿದ್ದೇವೆ. ಊಟದ ಹೊತ್ತು, ಶುಕ್ರವಾರದ ಸಂಜೆಯ ಕುರುಮ್ ಕಡಲತೀರದ ನಡಿಗೆ ಎಂದಿನಂತೆ ಉಳಿದಿವೆ.

ಸದಸ್ಯ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟೆ: ಎಷ್ಟು ಹೊತ್ತು ಆಡಿದೆ ಎಂದು ಗದರುವ ಮುನ್ನ, ಯಾರೊಡನೆ ಆಡಿದೆ, ಏತಕ್ಕೆ ಆಡಿದೆ ಎಂದು ಒಮ್ಮೆ ಪಕ್ಕದಲ್ಲಿ ಕುಳಿತು ಕೇಳೋಣ.