ಗಾಲಿ ಕೊಳ್ಳುವ ಮುನ್ನ

ಚೆನ್ನೈಯ ವೇಲಚೇರಿಯಲ್ಲಿ ಮೌಂಟೇನ್ ಬೈಕ್ ಇಟ್ಟುಕೊಂಡವರನ್ನು ಕಂಡರೆ ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆ, 'ಇಲ್ಲಿ ಬೆಟ್ಟ ಎಲ್ಲಿದೆ?' ಎಂಬುದು. ಕೇಳುವುದರಲ್ಲಿ ತಪ್ಪೇನಿಲ್ಲ. ವರ್ಷ ವರ್ಷಕ್ಕೂ ಒತ್ತುವರಿಯಾಗಿ ಕುಗ್ಗಿದ ಕೆರೆ ಒಂದು ಕಡೆ, ಪಳ್ಳಿಕರಣೆಯ ಜೌಗು ಇನ್ನೊಂದು ಕಡೆ, ನಡುವೆ ಮಟ್ಟಸವಾದ ಊರು. ಬೆಟ್ಟ ಎನ್ನಬಹುದಾದದ್ದು ಹತ್ತಿರದಲ್ಲಿ ಒಂದೇ, ಪರಂಗಿಮಲೈ, ಅಂದರೆ ಸೇಂಟ್ ಥಾಮಸ್ ಮೌಂಟ್. ನೂರು ಮೀಟರ್ ಎತ್ತರವೂ ಇಲ್ಲ. ಆದರೆ ಅದರ ಕಲ್ಲು ಸಾಮಾನ್ಯದ್ದಲ್ಲ. ಕಲ್ಕತ್ತೆಯಲ್ಲಿರುವ ಇಂಗ್ಲಿಷ್ ಅಧಿಕಾರಿ ಜಾಬ್ ಚಾರ್ನಾಕನ ಗೋರಿಗೆ ಹಾಸಿದ್ದು ಇದೇ ಜಾತಿಯ ಕಲ್ಲು. ಥಾಮಸ್ ಹಾಲೆಂಡ್ ಎಂಬ ಭೂವಿಜ್ಞಾನಿ 1893ರಲ್ಲಿ ಆ ಗೋರಿಯ ನೆನಪಿಗೆ ಇದನ್ನು ಚಾರ್ನೊಕೈಟ್ ಎಂದು ಕರೆದ. ನಮ್ಮ ಬಿಳಿಗಿರಿರಂಗನ ಬೆಟ್ಟದ ಬಂಡೆಗಳೂ ಇದೇ. ಇಂಥ ಗಟ್ಟಿ ಕಲ್ಲಿಗೆ ರಿಮ್ ಹೋಗಿ ಬಡಿದರೆ ನೆಗ್ಗುವುದು ರಿಮ್ಮೇ.

ಊರು ಮಟ್ಟಸ, ಹಾಗಾಗಿ ಇಲ್ಲಿನ ಸೈಕಲ್‌ಗೆ ವೇಲಚೇರಿ ವಾರದ ಮನೆ, ಓಟವೆಲ್ಲ ಬೇರೆ ಕಡೆ. ನಮ್ಮಂಥ ಕನ್ನಡದವರ ಸೈಕಲ್ಲುಗಳು ರಜೆ ಬಂತೆಂದರೆ ಕಾರಿನ ಹಿಂದೆ ನೇತಾಡಿಕೊಂಡು ಬೆಂಗಳೂರಿಗೆ ಹೊರಡುತ್ತವೆ, ಯಲಹಂಕದಾಚೆಯ ಅವಲಹಳ್ಳಿಯ ಕಾಡುದಾರಿಗೆ. ಇನ್ನೂ ಹುಮ್ಮಸ್ಸಿರುವವರು ಗದಗದವರೆಗೂ ಹೋಗುತ್ತಾರೆ. 2021ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆದದ್ದು ಗದಗದಲ್ಲಿ. ಎರಡು ವರ್ಷದ ಮೇಲೆ, 2023ರ ಅಕ್ಟೋಬರ್‌ನಲ್ಲಿ, ಏಷ್ಯಾ ಮಟ್ಟದ ಪಂದ್ಯವೇ ಕೇರಳದ ಪೊನ್ಮುಡಿಗೆ ಬಂತು. ದಕ್ಷಿಣದ ಹುಡುಗ ಹುಡುಗಿಯರು ಕ್ರಾಸ್-ಕಂಟ್ರಿ ರೇಸನ್ನು ಟೀವಿಯಲ್ಲಷ್ಟೇ ನೋಡಬೇಕಾದ ಕಾಲ ಹೋಯಿತು ಎನ್ನುವುದು ನನಗೆ ನಿಜಕ್ಕೂ ಹಿಗ್ಗಿನ ಸಂಗತಿ.

ಈ ಹುಡುಗರು ಸೈಕಲ್ ಕೊಂಡ ಮೇಲೆ ಮೊದಲು ಬದಲಿಸಲು ನೋಡುವುದು ಗಾಲಿಗಳನ್ನು. ಅದು ಸರಿಯಾದ ಆಸೆಯೇ. ಆದರೆ ಮಾತು ಶುರುವಾಗುವುದು ಗ್ರಾಂ ಲೆಕ್ಕದಿಂದ. ಒಳ್ಳೆಯ ಅಲ್ಯೂಮಿನಿಯಂ ಜೋಡಿ ಸುಮಾರು 1,700 ಗ್ರಾಂ, ಕಾರ್ಬನ್ ಆದರೆ 1,400 ಅಥವಾ ಇನ್ನೂ ಕಡಿಮೆ. 300 ಗ್ರಾಂ ಉಳಿಸಲು ಸಾಕಷ್ಟು ಹೆಚ್ಚು ಹಣ ತೆರಬೇಕಾಗುತ್ತದೆ. ಆ ಉಳಿತಾಯ ಏನು ಕೊಡುತ್ತದೆ ಎಂದು ಕಾಗದದ ಮೇಲೆ ಹಾಕಿ ನೋಡಬಹುದು. ಸವಾರ, ಸೈಕಲ್, ನೀರು ಎಲ್ಲ ಸೇರಿ 82 ಕಿಲೊ ಎನ್ನಿ. ಒಂದೇ ವೇಗದಲ್ಲಿ ಏರು ಹತ್ತುವಾಗ 300 ಗ್ರಾಂ ಬರೀ 300 ಗ್ರಾಂ. ಇಪ್ಪತ್ತು ನಿಮಿಷದ ಏರಿಗೆ ನಾಲ್ಕು ಸೆಕೆಂಡಿನ ಲಾಭ. ತಿರುವು ಮುಗಿಸಿ ಮತ್ತೆ ವೇಗ ಹಿಡಿಯುವಾಗ ಮಾತ್ರ ರಿಮ್ಮಿನ ತೂಕ ಹೆಚ್ಚುಕಮ್ಮಿ ಇಮ್ಮಡಿಯಾಗಿ ಕಾಡುತ್ತದೆ, ಏಕೆಂದರೆ ಅದನ್ನು ಮುಂದಕ್ಕೆ ತಳ್ಳಲೂಬೇಕು, ತಿರುಗಿಸಲೂಬೇಕು. ಆಗಲೂ ಒಟ್ಟು ಭಾರದ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆಯೇ.

ನಾಲ್ಕು ಸೆಕೆಂಡು ಏನು ಮಹಾ ಎಂದು ತಳ್ಳಿಹಾಕುವ ಹಾಗೂ ಇಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ ಸ್ವಿಟ್ಜರ್ಲೆಂಡಿನ ನಿನೊ ಶೂರ್ಟರ್‌ನನ್ನು ಸೋಲಿಸಿದ್ದು ಒಂದೇ ಒಂದು ಸೆಕೆಂಡಿನಿಂದ. ಕುಲ್ಹಾವಿಯ ಗಾಲಿ 29 ಇಂಚಿನದು, ಶೂರ್ಟರ್‌ನದು 27.5. ನಾಲ್ಕು ವರ್ಷದ ನಂತರ ರಿಯೊದಲ್ಲಿ ಚಿನ್ನ ಗೆದ್ದಾಗ ಶೂರ್ಟರ್ ಕೂಡ 29ಕ್ಕೆ ಬಂದಿದ್ದ. ಕ್ರಾಸ್-ಕಂಟ್ರಿಯ ಮಟ್ಟಿಗೆ ಈಗ ಈ ಎರಡು ಅಳತೆಗಳ ಜಗಳ ಮುಗಿದ ಹಾಗೇ. ದೊಡ್ಡ ಗಾಲಿ ಬೇರು, ಕಲ್ಲುಗಳ ಮೇಲೆ ಎಡವದೆ ಹಾಯುತ್ತದೆ. 29 ಇಂಚಿನ ಗಾಲಿಯ ರಿಮ್ಮಿನ ವ್ಯಾಸ ರೋಡ್ ಬೈಕಿನ 700ಸಿ ರಿಮ್ಮಿನಷ್ಟೇ, 622 ಮಿಲಿಮೀಟರ್.

ಗ್ರಾಂ ಲೆಕ್ಕದವರು ಮರೆಯುವುದು ಮುಳ್ಳನ್ನು. ಚೆನ್ನೈ ಸುತ್ತಲಿನ ಕೆರೆ ಏರಿ, ಬೀಳುಭೂಮಿ, ಮಣ್ಣುದಾರಿ ಎಲ್ಲಿ ನೋಡಿದರೂ ತಮಿಳರ ಸೀಮೈ ಕರುವೇಲಂ. ಗದಗ, ಕೊಪ್ಪಳದ ಕಡೆಯವರಿಗೆ ಇದು ಬಳ್ಳಾರಿ ಜಾಲಿ. ಒಣಗಿದ ಮುಳ್ಳು ಟೈರನ್ನೂ ಟ್ಯೂಬನ್ನೂ ಒಂದೇ ಏಟಿಗೆ ದಾಟುತ್ತದೆ. ರೇಸಿನಲ್ಲಿ ಒಂದು ಪಂಚರ್ ಆಯಿತೆಂದರೆ ಕಾರ್ಬನ್ ಉಳಿಸಿಕೊಟ್ಟ ಸೆಕೆಂಡುಗಳೆಲ್ಲ ಕೊಚ್ಚಿಹೋಗುತ್ತವೆ. ಆದ್ದರಿಂದ ಟ್ಯೂಬ್‌ಲೆಸ್ ಆಗದ ರಿಮ್ಮನ್ನು ಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಟೈರಿನೊಳಗೆ ತೂತು ಮುಚ್ಚುವ ಸೀಲಂಟ್ ದ್ರವ ಇದ್ದರೆ ಮುಳ್ಳು ಕಿತ್ತ ತಕ್ಷಣ ಬುಸ್ಸೆಂದು ಗಾಳಿ, ಅದರ ಜೊತೆ ಹಾಲಿನಂಥ ಹನಿಗಳು ಚಿಮ್ಮುತ್ತವೆ. ತೂತು ಕೆಳಗೆ ಬರುವಂತೆ ಗಾಲಿ ತಿರುಗಿಸಿ ಹಿಡಿದರೆ ಬುಸುಗುಟ್ಟುವುದು ಪಿಸುಗುಟ್ಟುವುದಾಗಿ, ನಾಲ್ಕು ಗುಳ್ಳೆ ಎದ್ದು, ನಿಂತೇ ಹೋಗುತ್ತದೆ. ಆದರೆ ಚೆನ್ನೈಯ ಸೆಕೆಗೆ ಈ ದ್ರವ ಬೇಗ ಒಣಗುತ್ತದೆ. ಬಾಟಲಿಯ ಮೇಲೆ ಬರೆದ ತಿಂಗಳುಗಳನ್ನು ನಂಬದೆ ವಾಲ್ವ್ ಬಿಚ್ಚಿ ಕಡ್ಡಿ ಇಳಿಸಿ ನೋಡುವುದೇ ಸರಿ.

ಟ್ಯೂಬ್‌ಲೆಸ್‌ನ ಇನ್ನೊಂದು ಲಾಭ, ಗಾಳಿ ಕಡಿಮೆ ಇಟ್ಟು ಓಡಿಸಬಹುದು. ಎಪ್ಪತ್ತು ಕಿಲೊ ತೂಗುವವರಿಗೆ ಇಪ್ಪತ್ತು ಪಿಎಸ್‌ಐ ಆಸುಪಾಸು ಸಾಕು. ಟೈರು ನೆಲವನ್ನು ತಬ್ಬಿಕೊಂಡು ಹೋಗುತ್ತದೆ. ಅಷ್ಟು ಕಡಿಮೆ ಗಾಳಿಯಲ್ಲಿ ತಿರುವಿನಲ್ಲಿ ಟೈರು ಹೊರಳಬಾರದೆಂದರೆ ರಿಮ್ ಅಗಲವಿರಬೇಕು. ಹಿಂದೆ ಒಳ ಅಗಲ 19 ಮಿಲಿಮೀಟರ್ ಇದ್ದರೆ ಸಾಕೆನ್ನುತ್ತಿದ್ದರು. ಈಗ 2.25ರಿಂದ 2.4 ಇಂಚಿನ ಟೈರಿಗೆ 25ರಿಂದ 30 ಮಿಲಿಮೀಟರ್ ವಾಡಿಕೆ. ಹಣ ಸುರಿದು ಗ್ರಾಂ ಇಳಿಸುವುದಕ್ಕಿಂತ ಈ ಅಗಲ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಇನ್ನು ಮನೆಯ ಮಾತು. ವಾರವೆಲ್ಲ ಬಾಲ್ಕನಿಯಲ್ಲಿ ನಿಲ್ಲುವ ಗಾಲಿಗೆ ಸಮುದ್ರದ ಉಪ್ಪುಗಾಳಿ ತಪ್ಪಿದ್ದಲ್ಲ. ಕಡ್ಡಿಗಳನ್ನು ರಿಮ್ಮಿಗೆ ಬಿಗಿಯುವ ಅಲ್ಯೂಮಿನಿಯಂ ನಿಪ್ಪಲ್‌ಗಳು ಉಪ್ಪಿಗೆ ಬಿಳಿ ಪುಡಿಯಾಗಿ ಹಿಡಿದುಕೊಂಡುಬಿಡುತ್ತವೆ. ಕಾರ್ಬನ್ ರಿಮ್ಮಿನಲ್ಲಿ ಇನ್ನೂ ಬೇಗ. ಆಮೇಲೆ ಗಾಲಿಯ ಓಲಾಟ (ಔಟ್) ತೆಗೆಯಲು ಹೋದರೆ ನಿಪ್ಪಲ್ ತಿರುಗುವ ಬದಲು ಮುರಿಯುತ್ತದೆ. ಹಿತ್ತಾಳೆಯವು ಹಾಕಿಸಿದರೆ 56 ಕಡ್ಡಿಗಳಿಗೆ ಸುಮಾರು 40 ಗ್ರಾಂ ಹೆಚ್ಚಾಗಬಹುದು, ಅಷ್ಟೇ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು. 2015ರ ಡಿಸೆಂಬರ್‌ನಲ್ಲಿ ಈ ಬೀದಿಗಳಲ್ಲಿ ಎಷ್ಟು ನೀರು ನಿಂತಿತ್ತು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಅಷ್ಟಲ್ಲದಿದ್ದರೂ ಪ್ರತಿ ವರ್ಷ ಹಬ್‌ವರೆಗೆ ಮುಳುಗುವ ಒಂದೆರಡು ದಿನ ಇದ್ದೇ ಇರುತ್ತವೆ. ಆಗ ಬೇಕಾದದ್ದು ಬಿಚ್ಚಲು ಬರುವ ಹಬ್. ಡಿಟಿ ಸ್ವಿಸ್‌ನ ರಾಚೆಟ್ ಹಬ್‌ಗಳ ಮುಚ್ಚಳ ಕೈಯಲ್ಲೇ ಕಳಚಿ ಬರುತ್ತದೆ. ಒಳಗಿನ ಹಲ್ಲುಬಿಲ್ಲೆ ಒರೆಸಿ ಗ್ರೀಸ್ ಹಚ್ಚಿ ಮುಚ್ಚಿದರಾಯಿತು. 36 ಹಲ್ಲಿದ್ದರೆ ಹಿಂದಿನ ಗೇರುಗಳ ಕ್ಯಾಸೆಟ್ ಹತ್ತು ಡಿಗ್ರಿ ತಿರುಗುವಷ್ಟರಲ್ಲಿ ಕಚ್ಚಿಕೊಳ್ಳುತ್ತದೆ, ಕಲ್ಲುಗಳ ನಡುವೆ ನಿಧಾನ ಹತ್ತುವಾಗ ಇದರ ಬೆಲೆ ಗೊತ್ತಾಗುತ್ತದೆ. ಶಿಮಾನೊದ ಕೋನ್-ಬಾಲ್ಸ್ ಹಬ್ ಆದರೆ ಬೀದಿಬದಿಯ ಮೆಕ್ಯಾನಿಕ್ಕೂ ಸರಿಮಾಡಬಲ್ಲ. ಸೀಲ್ಡ್ ಬೇರಿಂಗ್ ಇದ್ದರೂ ಹೆದರಬೇಕಿಲ್ಲ. ಅದರ ಮೇಲೆ ಕೆತ್ತಿದ ನಂಬರ್, 6902 ಎಂದೋ ಏನೋ ಇರುತ್ತದೆ, ಅದನ್ನು ಹೇಳಿದರೆ ಚೆನ್ನೈಯ ಪ್ಯಾರೀಸ್ ಕಾರ್ನರ್‌ನಲ್ಲೂ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲೂ ಹುಡುಕಿಕೊಡುತ್ತಾರೆ.

ನನಗೆ ಇದೆಲ್ಲಕ್ಕಿಂತ ದೊಡ್ಡದು ಕಟ್ಟುವ ಕೈ. ಗಾಲಿ ಕಟ್ಟುವವರ ಪಕ್ಕ ಕೂತು ನೋಡುವುದು ನನಗೆ ಬೇಸರವೇ ಬರದ ಕೆಲಸ. ಅವರು ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಮುಷ್ಟಿಯಲ್ಲಿ ಹಿಡಿದು ಜೋರಾಗಿ ಹಿಂಡುತ್ತಾರೆ. ಕಿಣ್ ಕಿಣ್ ಎಂದು ಸದ್ದು ಮಾಡಿ ಬಾಗುಗಳು ತಮ್ಮ ಜಾಗದಲ್ಲಿ ಕೂರುತ್ತವೆ. ಆಮೇಲೆ ಉಗುರಿನಿಂದ ಮೀಟಿ, ಕಿವಿಗೊಟ್ಟು, ಸ್ವರ ಇಳಿದ ಕಡ್ಡಿಗೆ ಕಾಲು ಸುತ್ತು. ಜಾಬ್ಸ್ಟ್ ಬ್ರಾಂಟ್ ಎಂಬ ಎಂಜಿನಿಯರ್ 1981ರ ತನ್ನ ಪುಸ್ತಕದಲ್ಲಿ ಲೆಕ್ಕ ಹಾಕಿ ತೋರಿಸಿದ್ದ: ಹಬ್ ಮೇಲಿನ ಕಡ್ಡಿಗಳಿಂದ ತೂಗಾಡುವುದಿಲ್ಲ, ನೆಲದ ಕಡೆಯ ಕಡ್ಡಿಗಳು ಬಿಗುವು ಕಳೆದುಕೊಳ್ಳುತ್ತಾ ಭಾರ ಹೊರುತ್ತವೆ. ಹಾಗಾಗಿ ಒಂದೊಂದು ಬದಿಯ ಕಡ್ಡಿಗಳ ಬಿಗುವು ಸಮವಾಗಿರಬೇಕು. ಸಡಿಲ ಕಡ್ಡಿ ಪ್ರತಿ ಸುತ್ತಿಗೂ ಬಳಲಿ ಒಂದು ದಿನ ಮುರಿಯುತ್ತದೆ. ಈ ಕೆಲಸ ಬಲ್ಲವರಿಗೆ ಕೇಳಿದಷ್ಟು ಕೂಲಿ ಕೊಡಬೇಕು, ಚೌಕಾಸಿ ಬೇಡ.

ಕೊಳ್ಳುವ ಮುನ್ನ ಫ್ರೇಮ್, ಫೋರ್ಕ್ ಎರಡನ್ನೂ ಅಳೆಯಿರಿ. ಈಚಿನ ಬೂಸ್ಟ್ ಅಳತೆಯವಕ್ಕೆ ಹಿಂದೆ 148, ಮುಂದೆ 110 ಮಿಲಿಮೀಟರಿನ ಹಬ್ ಬೇಕು. ಹಳೆಯ ಹಲವಕ್ಕೆ 142 ಮತ್ತು 100. ಕ್ಯಾಸೆಟ್ ಶಿಮಾನೊದ ಹನ್ನೆರಡು ಗೇರಿನದಾದರೆ ಮೈಕ್ರೊ ಸ್ಪ್ಲೈನ್, ಸ್ರಾಮ್‌ನ ಹತ್ತು ಹಲ್ಲಿನಿಂದ ಶುರುವಾಗುವುದಾದರೆ ಎಕ್ಸ್‌ಡಿ ಬಗೆಯ ಹಬ್ ಬೇಕೆಂದು ಅಂಗಡಿಯವರಿಗೆ ಮೊದಲೇ ಹೇಳಿ. ವೇಲಚೇರಿಯಲ್ಲಿ ಸೈಕಲ್ ಇಟ್ಟು ಅವಲಹಳ್ಳಿಯಲ್ಲೋ ಗದಗದಲ್ಲೋ ಓಡಿಸುವವರಿಗೆ ನನ್ನ ಆಯ್ಕೆ: ಗಟ್ಟಿ ಅಲ್ಯೂಮಿನಿಯಂ ರಿಮ್, ಹಿತ್ತಾಳೆ ನಿಪ್ಪಲ್, ನಡುವೆ ತೆಳುವಾದ ಡಬಲ್-ಬಟೆಡ್ ಕಡ್ಡಿ, ಅದೂ ತಲೆ ಬಾಗಿದ ಜೆ-ಬೆಂಡ್. ನೇರ ಕಡ್ಡಿಗಿಂತ ಇವು ಸುಲಭವಾಗಿ ಸಿಗುತ್ತವೆ. ಆದರೂ ಗಾಲಿ ತಂದ ದಿನವೇ ಎರಡೂ ಬದಿಯ ಕಡ್ಡಿಗಳ ಉದ್ದ ಕೇಳಿ ಬರೆದಿಟ್ಟುಕೊಂಡು, ಪ್ರತಿ ಅಳತೆಯಲ್ಲೂ ಒಂದೆರಡು ಹೆಚ್ಚಿಗೆ ಕೊಂಡು, ರೇಸಿನ ಚೀಲದಲ್ಲಿ ಹಾಕಿಡಿ.