ಬಿಳಿಯ ಕಾಗದ, ಕಂದು ನೀರು

ಬಿಳುಪೇ ಕಾಗದದ ಹಿರಿಮೆಯೆಂದು ನಾವೆಲ್ಲರೂ ನಂಬಿರುವೆವು. ಆದರೆ ಆ ಬಿಳುಪಿಗಾಗಿ ಕಳೆದ ಬಣ್ಣವು ಎಲ್ಲಿ ಹೋಗಿ ಸೇರಿತೆಂದು ವಿಚಾರಿಸುವವರು ವಿರಳ.

ಒಂದು ಟನ್ನು ಕಾಗದಕ್ಕೆ ಹತ್ತಾರು ಸಾವಿರ ಲೀಟರು ನೀರು ಬೇಕು. ಭದ್ರೆಯ ದಡದ ಭದ್ರಾವತಿ, ಕಾಳಿಯ ದಡದ ದಾಂಡೇಲಿ, ಇವೆರಡರಲ್ಲಿಯೂ ಕಾಗದದ ಕಾರ್ಖಾನೆಗಳು ಹೊಳೆಯ ಬಳಿಯಲ್ಲಿಯೇ ಹುಟ್ಟಿದುದು ಆಕಸ್ಮಿಕವಲ್ಲ.

ಮರದ ತೂಕದಲ್ಲಿ ಸುಮಾರು ಕಾಲುಭಾಗ ಲಿಗ್ನಿನ್ ಎಂಬ ವಸ್ತುವಿರುವುದು. ನಾರುಗಳನ್ನು ಒಂದಕ್ಕೊಂದು ಬೆಸೆದು ಮರವನ್ನು ನೆಟ್ಟಗೆ ನಿಲ್ಲಿಸತಕ್ಕುದು ಅದೇ. ಕಾಗದಕ್ಕಾದರೋ ನಾರು ಸಾಕು. ಆದುದರಿಂದ ಮರವನ್ನು ಬೇಯಿಸಿ, ತೊಳೆದು, ಬಿಳುಪುಮಾಡಿ ಲಿಗ್ನಿನ್ನನ್ನು ತೆಗೆಯುವರು. ಬೇಯಿಸಿದ ಕಪ್ಪು ರಸವನ್ನು ದೊಡ್ಡ ಕಾರ್ಖಾನೆಗಳು ಬತ್ತಿಸಿ ಉರಿಸುವುವು. ಉಳಿದುದು ತೊಳೆದ ನೀರಿನೊಡನೆ ಕಷಾಯದ ಬಣ್ಣವನ್ನು ತಾಳಿ ಹೊರಬೀಳುವುದು. ಸೂಕ್ಷ್ಮಜೀವಿಗಳನ್ನು ಬಿಟ್ಟು ಈ ನೀರನ್ನು ಶುದ್ಧಿಮಾಡುವ ಪದ್ಧತಿಯುಂಟು. ಅವು ಸಕ್ಕರೆ ಮುಂತಾದುವನ್ನು ತಿಂದು ಮುಗಿಸುವುವೇ ಹೊರತು ಲಿಗ್ನಿನ್ನನ್ನು ಬಹುಮಟ್ಟಿಗೆ ಮುಟ್ಟಲಾರವು.

ಇಲ್ಲಿ ನೆರವಿಗೆ ಬರುವುದು ಹಳೆಯದೊಂದು ಶೋಧನೆ. 1894ರಲ್ಲಿ ಫೆಂಟನ್ ಎಂಬ ಆಂಗ್ಲ ರಸಾಯನಶಾಸ್ತ್ರಜ್ಞರು, ಹೈಡ್ರೊಜನ್ ಪೆರಾಕ್ಸೈಡಿನೊಡನೆ ಕಬ್ಬಿಣದ ಲವಣವು ಸ್ವಲ್ಪವೇ ಇದ್ದರೂ ಟಾರ್ಟಾರಿಕ್ ಆಮ್ಲವು ಶೀಘ್ರವಾಗಿ ಮಾರ್ಪಡುವುದೆಂದು ಪ್ರಕಟಿಸಿದರು. ನಮ್ಮ ಹುಣಿಸೆಹಣ್ಣಿನ ಹುಳಿಯೂ ಆ ಆಮ್ಲವೇ. ಇದರ ಒಳಗುಟ್ಟನ್ನು 1934ರಲ್ಲಿ ಹಾಬರ್ ಮತ್ತು ವೈಸ್ ಎಂಬುವರು ವಿವರಿಸಿದರು: ಪೆರಾಕ್ಸೈಡು ಒಡೆದು ಹೈಡ್ರಾಕ್ಸಿಲ್ ಎಂಬ ಕಣವು ಹುಟ್ಟುವುದು. ಅದು ಎವೆಯಿಕ್ಕುವುದಕ್ಕೆ ಎಷ್ಟೋ ಮೊದಲೇ ಅಳಿಯುವುದಾದರೂ, ಅಷ್ಟರೊಳಗೆ ಎದುರಿಗೆ ಸಿಕ್ಕಿದ ವಸ್ತುವಿನ ಮೇಲೆ ಬೀಳದೆ ಬಿಡದು. ಜೀವಿಗಳು ಮುಟ್ಟದ ಲಿಗ್ನಿನ್ನೂ ಅದರ ಪೆಟ್ಟಿಗೆ ಒಡೆದು, ನೀರಿನ ಬಣ್ಣವು ತಿಳಿಯಾಗುವುದು.

ಆದರೆ ಈ ಶುದ್ಧಿಯೂ ಪುಕ್ಕಟೆಯಲ್ಲ. ಮೊದಲು ನೀರಿಗೆ ಆಮ್ಲವನ್ನು ಬೆರಸಿ ಹುಳಿಯಾಗಿಸಬೇಕು. ಆಮೇಲೆ ಸುಣ್ಣದಂತಹ ಕ್ಷಾರವನ್ನು ಹಾಕಿ ಸಮಸ್ಥಿತಿಗೆ ತರಬೇಕು. ಆಗ ಕಬ್ಬಿಣವು ತುಕ್ಕಿನ ಬಣ್ಣದ ಕೆಸರಾಗಿ ತಳಕ್ಕೆ ಇಳಿಯುವುದು. ಆ ಕೆಸರಿಗೂ ಒಂದು ನೆಲೆ ಬೇಕು; ಪೆರಾಕ್ಸೈಡಿಗೆ ಬೆಲೆ ತೆರಬೇಕು. ಆದಕಾರಣ ಸೂಕ್ಷ್ಮಜೀವಿಗಳಿಂದ ಆಗುವಷ್ಟನ್ನು ಮೊದಲು ಮಾಡಿಸಿ, ಉಳಿದುದಕ್ಕೆ ಮಾತ್ರ ಈ ಉಪಾಯವನ್ನು ಹೂಡುವುದು ವಿವೇಕ.

ಹೊಳೆಯನ್ನು ಕಾಯುವ ಹೊಣೆ ಮೊದಲು ಕಾರ್ಖಾನೆಯದು. ಕೊಳ್ಳುವ ನಮ್ಮದೂ ಸ್ವಲ್ಪವುಂಟು. ಪೊಟ್ಟಣಕ್ಕೂ ಮನೆಯ ಲೆಕ್ಕದ ಚೀಟಿಗೂ ಬಿಳುಪುಮಾಡದ ಕಂದು ಕಾಗದವೇ ಸಾಲದೆ? ಹಾಳೆಯಲ್ಲಿಯೇ ನಿಂತ ಬಣ್ಣವನ್ನು ಹೊಳೆಯಿಂದ ತೆಗೆಯಬೇಕಾಗಿಲ್ಲ.